ಅನಾಕ್ಲೆಟೋ ಕೊಟ್ಟಿದ್ದು

ಲಾಪಾ ಊರಿನ ಮರದ ಮಿಲ್ಲಿನಲ್ಲಿ ನಲವತ್ತು ವರ್ಷ ಗರಗಸದ ಮುಂದೆ ನಿಂತ ಅನಾಕ್ಲೆಟೋ ಒಂದು ದಿನವೂ ಜ್ವರವೆಂದು ಮಲಗಿದವನಲ್ಲ. ಇಂಥ ಗಟ್ಟಿ ಆಳಿನ ಮೊಮ್ಮಗಳು ಎಲೋವಾ ನಾಲ್ಕನೇ ವರ್ಷಕ್ಕೇ ಹೊಟ್ಟೆಯೊಳಗಿನ ಕ್ಯಾನ್ಸರ್ ಗಡ್ಡೆ ತೆಗೆಸಿಕೊಂಡು ಬಂದಳು. ಮನೆಯವರೆಲ್ಲರ ರಕ್ತಪರೀಕ್ಷೆಯಾಯಿತು. ವಂಶದಲ್ಲಿ ಇಳಿದು ಬರುವ ದೋಷವೊಂದು ಮಗುವಿನಲ್ಲಿತ್ತು, ಅದರ ತಾಯಿ ಜೋಸಿಯಾನಿಯಲ್ಲಿತ್ತು, ಅವಳ ಅಪ್ಪನಾದ ಇವನಲ್ಲಿತ್ತು. ಜೋಸಿಯಾನಿಗೆ ಆಗ ಮತ್ತೆ ಏಳು ತಿಂಗಳು.

ಕಾಗದ ಬಂದ ದಿನದಿಂದ ಮುದುಕ ಮಾಟೆ ಎಲೆಯ ಕಷಾಯ ಕುಡಿಯುವ ಸೋರೆಬುರುಡೆಯನ್ನು ಯಾರಿಗೂ ದಾಟಿಸಲಿಲ್ಲ. ಒಂದೇ ಬುರುಡೆ, ಒಂದೇ ಕೊಳವೆ, ಸುತ್ತ ಕೂತವರೆಲ್ಲ ಸರದಿಯಂತೆ ಹೀರುವುದು ಆ ಕಡೆಯ ವಾಡಿಕೆ. ಕೊಡದಿದ್ದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ.

"ಏನಪ್ಪಾ, ನಾನೇನು ಹೊರಗಿನವಳಾದ್ನಾ?" ಎಂದಳು ಮಗಳು.

"ನನ್ನ ಎಂಜಲು ನಿಂಗೆ ಬೇಡ. ಹೊಟ್ಟೇಲಿ ಕೂಸಿದೆ."

"ಎಂಜಲಿಂದ ಬರುತ್ತೆ ಅಂತ ಯಾವ ಪುಣ್ಯಾತ್ಮ ಹೇಳ್ದ? ನಡಿ, ಡಾಕ್ಟ್ರನ್ನೇ ಕೇಳೋಣ."

ಡಾಕ್ಟರಮ್ಮ ತಾಳ್ಮೆಯ ಹೆಂಗಸು. "ಮೈಯ ಪ್ರತಿ ಜೀವಕೋಶದಲ್ಲೂ ಡಿಎನ್ಎ ಅನ್ನೋ ದಾರ ಇದೆ ಯಜಮಾನ್ರೇ. ಅದು ದಿನಾ ಅಲ್ಲಲ್ಲಿ ಕಡಿಯುತ್ತೆ. ಆಗ ಒಂದು ಪ್ರೋಟೀನು ಎದ್ದು, ರಿಪೇರಿ ಆಗೋವರೆಗೂ ಎರಡಾಗ್ಬೇಡ ಅಂತ ಕೋಶಾನ ತಡೆಯುತ್ತೆ. ತೀರಾ ಕೆಟ್ಟಿದ್ರೆ ಸಾಯೋಕೆ ಹೇಳುತ್ತೆ. ನಿಮ್ಮ ಮನೆತನದಲ್ಲಿ ಆ ಕಾವಲು ಸ್ವಲ್ಪ ಸಡಿಲ. ಹಾಳಾದ ಕೋಶ ಕಣ್ತಪ್ಪಿಸಿ ಬೆಳೆದುಬಿಡುತ್ತೆ."

"ನಂಗೇನೂ ಆಗಿಲ್ವಲ್ಲ?"

"ಕೆಲವರಿಗೆ ಆಗಲ್ಲ. ಯಾಕೇಂತ ನಮಗೂ ಪೂರ್ತಿ ಗೊತ್ತಿಲ್ಲ."

"ಈ ಕೂಸಿಗೆ ಬರದ ಹಾಗೆ ಏನ್ ಮಾಡ್ಲಿ? ಮನೆ ಬಿಟ್ಟು ಹೋಗ್ಲಾ?"

"ಏನೂ ಮಾಡೋಕಾಗಲ್ಲ. ಬಂದಿದ್ರೆ ಬಸಿರು ನಿಂತ ದಿನವೇ ಬಂದಾಯ್ತು. ಬರೋದಕ್ಕೂ ಬರದಿರೋದಕ್ಕೂ ಸಮಸಮ. ಬಂದಿದ್ರೆ ಆಗಾಗ ಪರೀಕ್ಷೆ ಮಾಡ್ತಾ ಇರ್ತೀವಿ, ಗಡ್ಡೆ ಆದ್ರೆ ಬೇಗ ಸಿಗಲಿ ಅಂತ."

ಪಾಪ, ಅದು ಎಂಜಲಿನ ಕಾಯಿಲೆಯಾಗಿದ್ದರೇ ಅವನಿಗೆ ವಾಸಿಯಿತ್ತು. ಬುರುಡೆ ಒಡೆದುಹಾಕಿ ನೆಮ್ಮದಿಯಾಗಿರಬಹುದಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ನಾಲ್ಕು ಜನರ ಎದುರಿಗೇ ಅತ್ತ. ಮಗಳು ಒಂದು ಮಾತೂ ಬಯ್ಯಲಿಲ್ಲ, ಅದನ್ನು ಮಾತ್ರ ಅವನಿಂದ ತಡೆದುಕೊಳ್ಳಲಾಗಲಿಲ್ಲ.

ಗಂಡು ಹುಟ್ಟಿತು. ಹಿಮ್ಮಡಿ ಚುಚ್ಚಿ ಪರೀಕ್ಷೆಗೆ ರಕ್ತ ತೆಗೆದರು. ತಿಂಗಳಾದ ಮೇಲೆ ಫೋನು ಬಂತು. ಇದಕ್ಕೂ ಇದೆ.

ಅದೇ ಸಂಜೆ ಪಕ್ಕದ ಮನೆಯ ಜುರೆಮಾ ಜೋಳದ ಕೇಕು ಹಿಡಿದು ಬಂದಳು. ಅವಳಿಗೇನೂ ಗೊತ್ತಿಲ್ಲ. ತೊಟ್ಟಿಲಿಗೆ ಬಗ್ಗಿ, "ಥೇಟ್ ತಾತನೇ ಕಣ್ರೀ" ಎಂದು ನಕ್ಕಳು. ಕೂಸನ್ನು ಎತ್ತಿಕೊಳ್ಳಲು ಹೋಗಿದ್ದ ಅನಾಕ್ಲೆಟೋ ಕೈ ಹಿಂದಕ್ಕೆಳೆದುಕೊಂಡ.

ಜೋಸಿಯಾನಿಯೇ ಎತ್ತಿ ಅಪ್ಪನ ತೊಡೆಯ ಮೇಲೆ ಮಲಗಿಸಿದಳು.

"ಹಿಡ್ಕೋಪ್ಪಾ. ಕೊಡೋದೆಲ್ಲ ಕೊಟ್ಟಾಯ್ತು. ಇನ್ನೇನು ಭಯ?"

ಮುದುಕ ಹಿಡಿದುಕೊಂಡು ಕೂತ. ಕೂಸಿನ ಮುಖ ನೋಡಲು ಮಾತ್ರ ಆಗಲಿಲ್ಲ.