ಓದದೆ ಬಿಟ್ಟ ಎರಡನೇ ಹಾಳೆ

ಮಾದೇವಕ್ಕ, ಅವತ್ತು ನಾನು ಆ ಕಾಗದವನ್ನು ನಿಮಗೆ ಪೂರ್ತಿ ಓದಿ ಹೇಳಲಿಲ್ಲ. ಅದಕ್ಕೆ ಎರಡನೇ ಹಾಳೆ ಇತ್ತು. ಓದದೆ ಮಡಚಿ ಚೀಲಕ್ಕೆ ಹಾಕಿಕೊಂಡೆ — ಹದಿನಾಲ್ಕು ವರ್ಷದಿಂದ ಅದು ನನ್ನ ಹತ್ತಿರವೇ ಇದೆ.

ಇದನ್ನು ನಿಮಗೆ ಓದಿ ಹೇಳುತ್ತಿರುವವಳು ನಿಮ್ಮ ಮೊಮ್ಮಗಳು. ಅವಳಲ್ಲಿ ಮೊದಲೇ ಒಂದು ಕೋರಿಕೆ — ಸೌಮ್ಯ, ಅಜ್ಜಿಗೆ ನೋವಾಗುತ್ತದೆ ಅಂತಲೋ, ಮೇಷ್ಟ್ರ ಮಾನ ಹೋಗುತ್ತದೆ ಅಂತಲೋ ಒಂದು ಸಾಲನ್ನೂ ಬಿಡಬೇಡಮ್ಮ. ಬಿಟ್ಟು ಓದುವುದು ಎಷ್ಟು ಸುಲಭ ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ನೆನಪಿದೆಯಾ ಅಕ್ಕ, ಡೈರಿ ಮುಂದಿನ ಅಂಗಳ. ಮಧ್ಯಾಹ್ನ. ನೀವೆಲ್ಲ ಸಣ್ಣ ಈರುಳ್ಳಿಯ ಗುಡ್ಡೆ ಸುತ್ತ ಕೂತು ಬಾಲ ಕತ್ತರಿಸುತ್ತಿದ್ದಿರಿ. ಊರಿನ ಗೋಮಾಳವನ್ನು ಹೇಗೋ ತಮ್ಮ ಹೆಸರಿಗೆ ಮಾಡಿಸಿಕೊಂಡು ರೆಸಾರ್ಟು, ಲೇಔಟು ಎಬ್ಬಿಸಲು ಹೊರಟವರ ವಕೀಲರಿಂದ ಇಂಗ್ಲಿಷಿನಲ್ಲಿ ಕಾಗದ ಬಂದಿತ್ತು. ನಾನು ಚಾಮರಾಜನಗರದ ಕಾಲೇಜಿನಲ್ಲಿ ಪಾಠ ಮಾಡುತ್ತ, ಹೆದ್ದಾರಿ ಪಕ್ಕದ ಹಳ್ಳಿಗಳು ಬಂಡವಾಳದ ಬಾಯಿಗೆ ಹೇಗೆ ಬೀಳುತ್ತವೆ ಅಂತ ಪಿಎಚ್‌ಡಿಗೆ ಬರೆಯುತ್ತಿದ್ದವನು. ಭಾನುವಾರ ಬಂತೆಂದರೆ ಬಸ್ಸಿನಲ್ಲಿ ಬೇಗೂರಿಗೆ ಬಂದು, ಅಲ್ಲಿಂದ ನಡೆದು, ನಿಮ್ಮ ಹೋರಾಟದ ಸಭೆಯಲ್ಲಿ ಕೂರುತ್ತಿದ್ದೆ. ಇಂಗ್ಲಿಷ್ ಕಾಗದ ಬಂದರೆ ಓದಿ ಹೇಳುವುದು ನನ್ನ ಕೆಲಸ. ನೀವೇ ನಂಬಿ ಕೊಟ್ಟ ಕೆಲಸ.

ಮೊದಲ ಹಾಳೆಯಲ್ಲಿ ಬರೀ ಬೆದರಿಕೆ. ಅದನ್ನು ದನಿ ಏರಿಸಿ ಓದಿದೆ. ಎಲ್ಲರೂ ಕೈಕೆಲಸ ನಿಲ್ಲಿಸಿ ಕೇಳಿದರು. ಹಾಳೆ ಮಗುಚಿದರೆ — ನೀವು ತಕರಾರು ಹಿಂದಕ್ಕೆ ತೆಗೆದುಕೊಂಡರೆ ದನ ನೀರು ಕುಡಿಯುವ ಕಟ್ಟೆಯನ್ನೂ, ಅಲ್ಲಿಗೆ ಹೋಗುವ ಬಂಡಿದಾರಿಯನ್ನೂ, ದಾರಿಯ ಎರಡು ಮಗ್ಗುಲಿನ ಹುಲ್ಲುನೆಲವನ್ನೂ ಊರಿಗೇ ಬಿಟ್ಟು ಪತ್ರ ಮಾಡಿಕೊಡುತ್ತೇವೆ ಅಂತ ಬರೆದಿತ್ತು. ಓದುವುದಕ್ಕೆ ಒಂದು ನಿಮಿಷ ಸಾಕಿತ್ತು.

ನೀವು ಕೇಳಿದಿರಿ. "ಇಷ್ಟೇಯಾ ಮೇಷ್ಟ್ರೇ ಬರ್ದಿರದು? ಕಟ್ಟೆ ದಾರಿ ಇಸ್ಯ ಏನಾರ ಅದಾ ನೋಡಿ."

"ಇಷ್ಟೇ ಅಕ್ಕ," ಅಂದೆ.

"ಅಂಗಾರೆ ಬುಡಿ, ಕೋರ್ಟ್‌ಗೇ ಓಗನ," ಅಂದಿರಿ. ನಿಮ್ಮ ಹಿಂದೆ ಎಲ್ಲರೂ ಕೈ ಎತ್ತಿದರು. ಈರುಳ್ಳಿ ಸಿಪ್ಪೆ ಅಂಟಿದ ಆ ಕೈಗಳ ಫೋಟೊ ಈಗ ನನ್ನ ಪುಸ್ತಕದ ಮುಖಪುಟ.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ — ಇದು ಜನರನ್ನು ಒಡೆಯುವ ಆಟ, ದಾರಿ ಕೊಟ್ಟು ಊರನ್ನೇ ನುಂಗುತ್ತಾರೆ. ನಿಜವೇ ಇದ್ದಿರಬಹುದು. ಆದರೆ ಅದನ್ನು ನಿಮ್ಮ ಮುಂದೆಯೇ ಹೇಳಬಹುದಿತ್ತಲ್ಲ... ನೀವು ಬೈದು, ವಾದ ಮಾಡಿ, ನೀವೇ ತೀರ್ಮಾನಿಸಬಹುದಿತ್ತು. ನನಗಿದ್ದ ಹೆದರಿಕೆ ಅದೇ — ನೀವು ಒಪ್ಪಿಬಿಟ್ಟರೆ? ನನ್ನ ಪ್ರಬಂಧದ ಕೊನೆಯ ಅಧ್ಯಾಯಕ್ಕೆ ಬಗ್ಗದ ಜನ ಬೇಕಿತ್ತು. ಕಟ್ಟೆ ದಾರಿ ಸಿಕ್ಕಿತಲ್ಲ ಅಂತ ಸಮಾಧಾನವಾಗಿ ಮನೆಗೆ ಹೋಗುವ ಜನರನ್ನು ಇಟ್ಟುಕೊಂಡು ನಾನೇನು ಬರೆಯಲಿ ಅಂತ ಯೋಚಿಸಿದ್ದೆ. ಸೌಮ್ಯ, ಈ ಸಾಲನ್ನು ಇನ್ನೊಂದು ಸಲ ಓದು.

ಕೋರ್ಟಿನಲ್ಲಿ ಸೋತೆವು. ಗೋಡೆ ಎದ್ದಿತು. ನಿಮ್ಮ ಕಟ್ಟೆಯಲ್ಲಿ ಈಗ ಓಣಂ ರಜೆಗೆ ಕೇರಳದಿಂದ ಬಂದವರು ಪೆಡಲ್ ದೋಣಿ ತುಳಿಯುತ್ತಾರೆ. ನಿಮ್ಮಲ್ಲಿ ಎಷ್ಟೋ ಜನ ಹಸುಗಳನ್ನು ಸಂತೆಗೆ ಹೊಡೆದಿರಿ. ನನಗೆ ಡಾಕ್ಟರೇಟ್ ಬಂತು.

ಊರು ನಿಮ್ಮನ್ನು ದೂರಿತು. ಇವಳ ಹಟದಿಂದ ಎಲ್ಲ ಹೋಯಿತು, ದಾರಿಯನ್ನಾದರೂ ಕೇಳಬಾರದಿತ್ತೇ ಅಂತ ನಿಮ್ಮ ನಾದಿನಿಯೇ ಮಾತು ಬಿಟ್ಟರು. ನೀವು ಕೇಳಿದ್ದಿರಿ ಅಕ್ಕ. ಕೇಳಿದ್ದಕ್ಕೆ ಸುಳ್ಳು ಹೇಳಿದವನು ನಾನು. ಎರಡು ವರ್ಷದ ಹಿಂದೆ ನಿಮ್ಮ ಜಗಲಿಯಲ್ಲಿ ಕೂತಿದ್ದಾಗ ನೀವೇ ಅಂದಿರಿ — "ನಂದೇ ತಪ್ಪು ಕಣಿ ಮೇಷ್ಟ್ರೇ. ನಾನೊಸಿ ಬಗ್ಬೇಕಾಗಿತ್ತು." ಕಾಫಿ ಲೋಟ ಕೆಳಗಿಟ್ಟೆ. ಈಗ ಹೇಳಿಬಿಡಬೇಕು ಅಂತ ಬಾಯಿ ತೆರೆದೆ. ಬಸ್ಸಿಗೆ ಹೊತ್ತಾಯಿತು ಅಂದೆ.

ಹೋದ ವಾರ ಸೌಮ್ಯ ಫೋನು ಮಾಡಿದಳು. ಈ ಹೋರಾಟದ ಮೇಲೆಯೇ ಎಂ.ಎ. ಪ್ರಾಜೆಕ್ಟು ಬರೆಯುತ್ತಿದ್ದಾಳಲ್ಲ. ನಿಮ್ಮೂರಿನಲ್ಲಿ ನನ್ನ ಪುಸ್ತಕವನ್ನು ನಿಜವಾಗಿ ಓದಿದವಳು ಅವಳೊಬ್ಬಳೇ ಇರಬೇಕು. "ಸರ್, ಜನ ರಾಜಿಗೆ ಒಪ್ಪಲಿಲ್ಲ ಅಂತ ನೀವು ಬರ್ದಿದೀರಿ. ಅಜ್ಜಿ ಕೇಳಿದ್ರೆ, ಯಾವ ರಾಜಿನೂ ಬರ್ನಿಲ್ಲ ಕಣಮ್ಮಿ ಅಂತದೆ. ಆ ಕಾಗದದ ಜೆರಾಕ್ಸ್ ಕೊಡ್ತೀರಾ?" ನನ್ನ ಸಾಲೇ ನನ್ನನ್ನು ಹಿಡಿದುಕೊಟ್ಟಿತು.

ಅವತ್ತಿನಿಂದ ಫೋನು ಸದ್ದಾದರೆ ಯಾರೆಂದು ನೋಡಿಯೇ ಎತ್ತುತ್ತೇನೆ. ಬೇರೆ ಹೋರಾಟಗಳಲ್ಲಿ ನನ್ನ ಜೊತೆ ಜೈಲಿಗೆ ಹೋಗಿದ್ದ ಗೆಳೆಯರು ಏನಂದಾರು, ನಮ್ಮನ್ನು ಕಂಡರಾಗದವರು ಎಷ್ಟು ಕುಣಿದಾರು — ಇಂಥವೇ ಯೋಚನೆ. ನಾಚಿಕೆಯ ಮಾತು, ನಿಮ್ಮ ನೆನಪು ಬಂದದ್ದು ಇವೆಲ್ಲ ಆದ ಮೇಲೆ. ಮೊನ್ನೆ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗಿ ಮೊದಲ ಹಾಳೆಯನ್ನು ಮಾತ್ರ ಜೆರಾಕ್ಸ್ ಮಾಡಿಸಿದೆ. ಅಂಗಡಿಯವನು, "ಇನ್ನೊಂದ್ ಆಳೆ ಅದಲ್ಲ ಸಾರ್, ಬ್ಯಾಡ್ವಾ?" ಅಂದ.

"ಬೇಡ, ಇಷ್ಟೇ," ಅಂದೆ.

ಅದೇ ಮಾತು. ಹದಿನಾಲ್ಕು ವರ್ಷ ಕಳೆದರೂ ಅದೇ ಮಾತು, ಅಷ್ಟೇ ಸಲೀಸಾಗಿ. ರಸ್ತೆಗೆ ಬಂದವನು ಅಲ್ಲಿಂದಲೇ ತಿರುಗಿದೆ. ಒಳಗೆ ಹೋಗಿ ಎರಡನೆಯದನ್ನೂ ಮಾಡಿಸಿದೆ.

ಎರಡೂ ಹಾಳೆ ಈ ಪತ್ರದ ಜೊತೆಗಿವೆ. ಬರುವ ಭಾನುವಾರ ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಡೈರಿ ಮುಂದೆ ಬರುತ್ತೇನೆ. ನಿಮ್ಮ ನಾದಿನಿಯೂ ಇರಲಿ, ಅವತ್ತು ಕೈ ಎತ್ತಿದವರೆಲ್ಲ ಇರಲಿ. ಅವರೆದುರು ಆ ಕಾಗದವನ್ನು ಕೊನೆಯ ಸಹಿಯವರೆಗೂ ಓದುತ್ತೇನೆ, ಮಾದೇವಕ್ಕ ಕೇಳಿದ್ದರು, ನಾನು ಮುಚ್ಚಿಟ್ಟೆ ಅಂತ ಹೇಳುತ್ತೇನೆ. ಆಮೇಲೆ ನೀವು ಏನಂದರೂ ಸರಿ, ಏನೂ ಅನ್ನದಿದ್ದರೂ ಸರಿ.

ಒಂದು ಮಾತು ನಡೆಸಿಕೊಡಿ. ನಾನು ಓದುವಾಗ ಸೌಮ್ಯ ನನ್ನ ಪಕ್ಕದಲ್ಲೇ ನಿಂತು ಸಾಲು ಸಾಲೂ ನೋಡಿಕೊಳ್ಳಲಿ.