ಪೆಟ್ರೋಲ್ ಟ್ಯಾಂಕಿಗೆ ಒತ್ತಿದ ಅರಗಿನ ಮುದ್ರೆ

ನಿವೃತ್ತನಾದ ಮೇಲೆ ಬೆಸಗರಹಳ್ಳಿ ಹತ್ತಿರದ ಕೆರೆಯಲ್ಲಿ ಮೀನು ಸಾಕಲು ಅಕ್ಕನ ಗಂಡನ ಜೊತೆ ಸೇರಿಕೊಂಡೆ. ದೋಣಿಯ ಹಿಂಬದಿಗೆ ಸಿಕ್ಕಿಸುವ ಹಳೆಯ ಮೋಟಾರೊಂದನ್ನು ತಂದೆವು. ಭಾವ ಜೀವನವಿಡೀ ಪಂಪ್‌ಸೆಟ್ ಓಡಿಸಿದವರು. ದೋಣಿ ನಡೆಸುವುದು ಅವರ ಪಾಲು. ಪೆಟ್ರೋಲು ತಂದು ಟ್ಯಾಂಕು ತುಂಬುವುದು ನನ್ನ ಪಾಲು.

ಒಂದು ಬೆಳಿಗ್ಗೆ ಮೋಟಾರು ಕೆಮ್ಮಿ ಕೆಮ್ಮಿ ನಿಂತಿತು. ಟ್ಯಾಂಕಿನಲ್ಲಿದ್ದುದನ್ನು ಗಾಜಿನ ಬಾಟಲಿಗೆ ಸುರಿದು ನೋಡಿದೆ. ತಳದಲ್ಲಿ ಎರಡು ಬೆರಳು ನೀರು. ಬಂಕಿನಲ್ಲಿ ನಾನೇ ನಿಂತು ತುಂಬಿಸಿಕೊಂಡು ಬಂದ ಪೆಟ್ರೋಲು. ನನ್ನನ್ನು ಬಿಟ್ಟರೆ ಅದನ್ನು ಮುಟ್ಟುವವರು ಭಾವ ಒಬ್ಬರೇ. ಮೋಟಾರು ಬೇಡ, ಹುಟ್ಟೇ ಸಾಕು ಎಂದು ಮೊದಲಿನಿಂದ ಹಟ ಮಾಡಿದವರೂ ಅವರೇ.

ಬಾಯಿಬಿಟ್ಟು ಕೇಳಲಿಲ್ಲ. ಮೇಷ್ಟರಾಗಿದ್ದಾಗ ಚುನಾವಣೆಗೆಂದು ಮಂಡ್ಯಕ್ಕೆ ಹೋಗಿ ಮತಪೆಟ್ಟಿಗೆಗಳಿಗೆ ಮುದ್ರೆ ಒತ್ತಿದವನು ನಾನು. ಹೊಸ ಪೆಟ್ರೋಲು ತುಂಬಿ, ಮುಚ್ಚಳದ ಮೇಲೆ ಬಟ್ಟೆ ಸುತ್ತಿ, ದಾರ ಬಿಗಿದು, ಅಡುಗೆಮನೆಯಲ್ಲಿ ಕರಗಿಸಿದ ಅರಗನ್ನು ಹೊರಗೆ ತಂದು ಸುರಿದು ಮುದ್ರೆ ಒತ್ತಿದೆ. ಮುದ್ರೆ ಒಡೆದಿದ್ದರೆ ಅಕ್ಕನಿಗೆ ಹೇಳಿ ಪಾಲುದಾರಿಕೆ ಮುರಿದುಕೊಳ್ಳುವುದು ಎಂದು ತೀರ್ಮಾನಿಸಿದ್ದೆ.

ಬೆಳಿಗ್ಗೆ ಮುದ್ರೆ ಹಾಗೇ ಇತ್ತು. ಭಾವ ಅದನ್ನು ನೋಡಿ ದೋಣಿ ಹತ್ತಿದರು. ಹತ್ತು ನಿಮಿಷ ಓಡಿ, ನಡುಗೆರೆಯಲ್ಲಿ ಮೋಟಾರು ಮತ್ತೆ ನಿಂತಿತು. ಪೆಟ್ರೋಲು ಎಳೆಯಲು ಪೈಪಿನ ನಡುವೆ ಕೈಯಲ್ಲಿ ಹಿಂಡುವ ರಬ್ಬರ್ ಉಂಡೆಯೊಂದಿದೆ. ಹಿಂಡಿದೆ. ಚಪ್ಪಟೆಯಾದದ್ದು ಮತ್ತೆ ಉಬ್ಬಲಿಲ್ಲ. ಸರಿ, ಈ ಸಲ ಪೈಪಿಗೇ ಕೈ ಹಾಕಿದ್ದಾರೆ ಅಂದುಕೊಂಡೆ.

“ಈ ಪೈಪು ಯಾರು ಬಿಚ್ಚಿದ್ದು, ಭಾವ?”

“ನಾನ್ಯಾಕ್ಲಾ ಬಿಚ್ಲಿ? ಮುಚ್ಚಳದಲ್ಲಿ ಗಾಳಿಗೆ ಅಂತ ಒಂದು ತೂತದೆ. ಅದ್ರ ಮೇಲೆ ಅರಗು ಉಯ್ದಿದ್ದೀಯ. ಗಾಳಿ ಒಳಿಕ್ಕೋಗ್ದೆ ಪೆಟ್ರೋಲು ಎಂಗ್ಲಾ ಈಚ್ಗೆ ಬತ್ತದೆ?”

ಚಾಕುವಿನಿಂದ ಅರಗು ಎಬ್ಬಿಸಿದರು. ಸುಯ್ಯೆಂದು ಗಾಳಿ ಒಳಗೆ ನುಗ್ಗಿತು, ಉಂಡೆ ಉಬ್ಬಿತು. ನಾನು ಸೋಲಲಿಲ್ಲ.

“ಮತ್ತೆ ಆ ನೀರು?”

“ಮಳೇಲಿ ಟ್ಯಾಂಕ ಈಚೆ ಮಡಗ್ದೋರು ಯಾರು ಮೇಷ್ಟ್ರೇ? ಅದೇ ತೂತಿಂದ ಇಳ್ದದೆ.”

ಮನೆಯೊಳಗೆ ಪೆಟ್ರೋಲು ಇಡಬಾರದು ಎಂಬುದು ನನ್ನ ನಿಯಮ. ಅಂಗಳದಲ್ಲಿ ಇಟ್ಟವನು ನಾನೇ.

“ಈ ಸೀಲು ಯಾರಿಗೆ ಅಂತ ಆಕ್ದೆ?” ಎಂದು ಕೇಳಿದರು. ಉತ್ತರ ಅವರಿಗೂ ಗೊತ್ತಿತ್ತು. ಮೋಟಾರು ಚಾಲೂ ಮಾಡಿ ದಡಕ್ಕೆ ಬಂದು, ಟವೆಲು ಕೊಡವಿಕೊಂಡು ಹೋದರು. ಎರಡು ದಿನ ಬರಲಿಲ್ಲ. ಮೋಟಾರು ನಡೆಸಲು ಬಾರದೆ ನಾನೊಬ್ಬನೇ ಹುಟ್ಟು ಹಾಕಿ ಮೀನಿಗೆ ಮೇವು ಚೆಲ್ಲಿ ಬಂದೆ, ತೋಳು ಎತ್ತಲಾಗಲಿಲ್ಲ.

ಮೂರನೆಯ ದಿನ ಆರು ಗಂಟೆಗೆ ಅಕ್ಕನ ಮನೆಗೆ ಹೋದೆ. ಭಾವ ಜಗಲಿಯಲ್ಲಿದ್ದರು.

“ತಪ್ಪು ನನ್ನದು. ಬನ್ನಿ ಭಾವ,” ಎಂದೆ.

ಅವರು ಏಳಲಿಲ್ಲ. ಅಕ್ಕ ತಂದಿಟ್ಟ ಕಾಫಿ ಲೋಟವನ್ನು ನನ್ನ ಕಡೆಗೆ ತಳ್ಳಿದರು.

“ಕುಡಿಯಯ್ಯ. ಏನೂ ಬೆರ್ಸಿಲ್ಲ.”