ಹತ್ತು ಸಾವಿರದ ಒಂದು

ನಾನು ಚಿಕ್ಕವಳಿದ್ದಾಗ ನಮ್ಮನ್ನು ಎಬ್ಬಿಸುತ್ತಿದ್ದುದು ಚಿನ್ನದ ಗಣಿಯ ಸೈರನ್. ಆ ಶನಿವಾರವೂ ಅದು ಕೂಗುವ ಹೊತ್ತಿಗೆ ಊರಿಗಾಂನ ಗಣಿ ಕೆಲಸಗಾರರ ಸಾಲುಮನೆಗಳಲ್ಲಿ ಒಂದಾದ ನಮ್ಮ ಲೈನ್ ಮನೆಯಲ್ಲಿ ಸೀಮೆಎಣ್ಣೆ ಸ್ಟವ್ ಹೊತ್ತಿತ್ತು. ಅಮ್ಮ ಅಪ್ಪನ ಬುತ್ತಿಗೆ ಬಿಸಿ ಮುದ್ದೆ ಇಡುತ್ತಿದ್ದಳು. ಅಕ್ಕ ಬೀದಿ ಕೊಳಾಯಿಯ ಸಾಲಿನಲ್ಲಿ ಕೊಡ ಇಟ್ಟು ಬಂದಿದ್ದಳು. ನಾನು ಸ್ಲೇಟು ಹಿಡಿದು ಬಾಗಿಲಲ್ಲಿ ಕೂತಿದ್ದೆ.

ಕಾನ್ವೆಂಟಿನ ಸಿಸ್ಟರ್ ಒಂದು ಸಂಖ್ಯೆ ಕೊಟ್ಟಿದ್ದರು: 10,001. ಒಂದು ಮತ್ತು ಇದೇ ಸಂಖ್ಯೆಯನ್ನು ಬಿಟ್ಟು, ಏನೂ ಉಳಿಯದಂತೆ ಇದನ್ನು ಭಾಗಿಸುವ ಬೇರೆ ಸಂಖ್ಯೆ ಇದೆಯೇ? ನೂರರವರೆಗೆ ಹುಡುಕಿದರೆ ಸಾಕು, ನೂರು ದಾಟಿದ್ದು ಸಿಕ್ಕರೆ ಅದರ ಜೋಡಿ ನೂರರೊಳಗೇ ಇರುತ್ತದೆ ಎಂದಿದ್ದರು. ಕೊನೆಯಲ್ಲಿ ಒಂದು ಇದ್ದುದರಿಂದ ಎರಡು, ಐದು ಆಗಲಿಲ್ಲ. ಅಂಕಿಗಳನ್ನು ಕೂಡಿದರೆ ಬರೀ ಎರಡು, ಹಾಗಾಗಿ ಮೂರೂ ಇಲ್ಲ. ಏಳರಿಂದ ಭಾಗಿಸಿದರೆ ಐದು ಉಳಿಯಿತು.

"ಇದು ಒಡೆಯೋದೇ ಇಲ್ಲಪ್ಪಾ!"

ಬೂಟಿನ ದಾರ ಕಟ್ಟುತ್ತಿದ್ದ ಅಪ್ಪ ನಕ್ಕರು. "ಒಡೀದೇ ಇರೋ ಬಂಡೆ ಇಲ್ಲ ಕಣಮ್ಮಿ. ಎಲ್ಲಿ ಕೊರೀಬೇಕು ಅಂತ ನೋಡ್ಬೇಕು. ಸಾಯಂಕಾಲ ಬತ್ತೀನಿ, ಒಡ್ದು ಇಟ್ಟಿರು."

ಮಧ್ಯಾಹ್ನ ನೆಲ ನಡುಗಿತು. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಗಳೂ ಅಲುಗುತ್ತಿದ್ದವು. ಗೂಡಿನ ಲೋಟಗಳು ಉರುಳಿದವು, ತಗಡಿನ ಮಾಡಿನಿಂದ ಧೂಳು ಸುರಿಯಿತು. ಲೈನಿನ ಹೆಂಗಸರೆಲ್ಲ ಒಲೆ ಆರಿಸಿ ಗಣಿಯ ಗೇಟಿಗೆ ನಡೆದರು. ಯಾರೂ ಅಳಲಿಲ್ಲ. ಒಳಗಿದ್ದವರು ಮೇಲೆ ಬರುವ ತನಕ ಅಳಬಾರದು ಎಂಬುದು ನಮ್ಮ ಲೈನಿನ ಕಟ್ಟಳೆ.

ಅಳದೇ ಇರಲು ನನಗೊಂದು ಕೆಲಸ ಬೇಕಿತ್ತು. ಗೇಟಿನ ಹೊರಗಿನ ಬೂದು ಮಣ್ಣಿನಲ್ಲಿ ಕಡ್ಡಿ ಹಿಡಿದು ಭಾಗಿಸತೊಡಗಿದೆ. ಸಂಖ್ಯೆ ಒಡೆದರೆ ಅಪ್ಪ ಬರುತ್ತಾರೆ ಎಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡೆ. ಹನ್ನೊಂದು, ಹದಿಮೂರು, ಹದಿನೇಳು... ಪ್ರತಿ ಸಲವೂ ಏನೋ ಉಳಿಯುತ್ತಿತ್ತು, ಅಂಗೈಯಿಂದ ಒರೆಸುತ್ತಿದ್ದೆ. ಬಿಸಿಲು ಇಳಿಯಿತು. ನೂರು ಹತ್ತಿರವಾದಂತೆ ಕಡ್ಡಿಯನ್ನು ಇನ್ನೂ ಒತ್ತಿ ಬರೆದೆ. ಎಪ್ಪತ್ತೊಂದೂ ಆಗಲಿಲ್ಲ. ಮುಂದಿನದು ಎಪ್ಪತ್ತಮೂರು, ನಮ್ಮ ಮನೆಯ ನಂಬರು. ಒಂದು, ಮೂರು, ಏಳು ಎಂದು ಬರೆಯುತ್ತ ಹೋದೆ. ಕೆಳಗೆ ಸೊನ್ನೆ! ಎಪ್ಪತ್ತಮೂರು ಸಲ ನೂರಮೂವತ್ತೇಳು.

"ಅಕ್ಕಾ, ಒಡೀತು!" ಅಕ್ಕ ನನ್ನ ಭುಜ ಹಿಡಿದಿದ್ದಳು, ಕಣ್ಣು ಮಾತ್ರ ಗೇಟಿನ ಕಡೆಗೇ ಇತ್ತು.

ಎಷ್ಟೋ ಹೊತ್ತಿನ ಮೇಲೆ ಜನರನ್ನು ಮೇಲೆತ್ತುವ ಕೇಜಿನ ಗಂಟೆ ಹೊಡೆಯಿತು. ಅಂದು ಎಲ್ಲರೂ ಬಂದರು. ಅಪ್ಪನ ಮುಖವೆಲ್ಲ ಬೂದಿ ಬಣ್ಣ, ಹಲ್ಲು ಮಾತ್ರ ಬಿಳಿ. ಬೆವರು, ಸಿಡಿಮದ್ದಿನ ವಾಸನೆಯ ಆ ಪ್ಯಾಂಟನ್ನು ನಾನು ತಬ್ಬಿಕೊಂಡೆ. ಅಮ್ಮ ಆಗ ಅತ್ತಳು.

ಮೊಮ್ಮಕ್ಕಳೇ, ನಿಮ್ಮ ಫೋನು ಕಣ್ಣು ಮಿಟುಕಿಸುವಷ್ಟರಲ್ಲಿ ಆ ಸಂಖ್ಯೆಯನ್ನು ಒಡೆದು ತೋರಿಸುತ್ತದೆ. ನಿಮ್ಮಪ್ಪ ಯಾವ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿದ್ದಾನೆ ಎಂದೂ ಹೇಳುತ್ತದೆ. ನನಗೆ ಸಿಕ್ಕಿದ್ದು ಒಂದು ಕಡ್ಡಿ.

ಆ ಸಂಜೆ ಸ್ನಾನ ಮಾಡಿ ಜಗಲಿಯಲ್ಲಿ ಕೂತ ಅಪ್ಪನಿಗೆ, ನಮ್ಮ ಮನೆಯ ನಂಬರೇ ಅವರನ್ನು ಮೇಲೆ ತಂದಿತೆಂದು ಜಂಬದಿಂದ ಹೇಳುತ್ತಿದ್ದೆ. ಪಕ್ಕದ ಮನೆಯ ಅಜ್ಜಿಯ ಮಗನೂ ಅದೇ ಪಾಳಿಯವನು. ತನ್ನ ಜಗಲಿಯಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದ ಆಕೆ ತಲೆ ಎತ್ತದೆ ಹೇಳಿದಳು:

"ನಮ್ಮನೆ ನಂಬ್ರು ಎಪ್ಪತ್ನಾಕು ಕಣಮ್ಮಿ. ನಿನ್ ಲೆಕ್ಕ ಅದ್ರಲ್ಲಿ ಭಾಗ ಓಯ್ತದಾ ನೋಡು. ಓಗ್ದಿದ್ರೂ ನನ್ ಮಗ ಬಂದವ್ನೆ, ಒಳಗೆ ಮುದ್ದೆ ತಿಂತಾವ್ನೆ."